ತಡಿಯಂಡಮೋಳ್ ಹತ್ತಿದವರಿಗೆ ಹಿಮಾಲಯದ ಎತ್ತರ

ಬೇಸಿಗೆ ರಜೆ ಹತ್ತಿರವಾದಂತೆ ಮಡಿಕೇರಿಯ ನನ್ನ ಚಿಕಿತ್ಸಾಲಯಕ್ಕೆ ಹಿಮಾಲಯ ಚಾರಣಕ್ಕೆ ಹೊರಟವರು ವೈದ್ಯಕೀಯ ಪ್ರಮಾಣಪತ್ರಕ್ಕಾಗಿ ಬರತೊಡಗುತ್ತಾರೆ. ಎತ್ತರದ ಪರ್ವತಗಳನ್ನು ಹಿಂದೆಂದೂ ಕಾಣದ ಇವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: “ಡಾಕ್ಟ್ರೇ, ನಾಲ್ಕುನಾಡು ಅರಮನೆಯಿಂದ ತಡಿಯಂಡಮೋಳ್ ತುದಿಯವರೆಗೆ ಎಲ್ಲೂ ಕೂರದೆ ಹತ್ತಿದ್ದೇನೆ, ನನಗೇನೂ ಆಗುವುದಿಲ್ಲ.” ಅವರ ಉತ್ಸಾಹ ನನಗೆ ಬಹಳ ಇಷ್ಟ. ಆದರೆ ಈ ತರ್ಕವನ್ನು ಕೇಳಿ ಕೇಳಿ ಸಾಕಾಗಿದೆ.

ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ 1,748 ಮೀಟರ್ ಇದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ 2,500 ಮೀಟರ್ ದಾಟಿದ ಮೇಲೆ. ಹಾಗಾಗಿ ಪುಷ್ಪಗಿರಿಯಾಗಲಿ ಬ್ರಹ್ಮಗಿರಿಯಾಗಲಿ, ನಮ್ಮ ಜಿಲ್ಲೆಯ ಯಾವ ಬೆಟ್ಟವೂ ಈ ವಿಷಯದಲ್ಲಿ ನಿಮ್ಮ ದೇಹವನ್ನು ಪರೀಕ್ಷಿಸಿಯೇ ಇಲ್ಲ. ಕಾಲಿನ ಬಲ, ದಮ್ಮು ಎರಡೂ ಬೇಕು, ನಿಜ. ಆದರೆ ತೆಳುವಾದ ಗಾಳಿಗೆ ದೇಹ ಒಗ್ಗಿಕೊಳ್ಳುವುದು ಬೇರೆಯೇ ಕೆಲಸ. ಅದನ್ನು ಊರಿನಲ್ಲಿ ವ್ಯಾಯಾಮ ಮಾಡಿ ಮೊದಲೇ ಗಳಿಸಿಟ್ಟುಕೊಳ್ಳಲು ಬರುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಎಷ್ಟು ಎತ್ತರಕ್ಕೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡ 21ರಷ್ಟೇ ಇರುತ್ತದೆ. ಕಡಿಮೆಯಾಗುವುದು ವಾಯುವಿನ ಒತ್ತಡ. 5,500 ಮೀಟರಿನಲ್ಲಿ ಅದು ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧ. ಹಾಗಾಗಿ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಕಡಿಮೆ. ಈ ಕೊರತೆ ತುಂಬಿಸಲು ದೇಹ ಹೆಚ್ಚು ಉಸಿರಾಡುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತ ಹೆಚ್ಚು ಕ್ಷಾರೀಯವಾಗುತ್ತದೆ, ಮಿದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ರಕ್ತದಲ್ಲಿರುವ ಕ್ಷಾರವಾದ ಬೈಕಾರ್ಬನೇಟನ್ನು ಹೊರಹಾಕಿ ರಕ್ತವನ್ನು ಸರಿದೂಗಿಸುತ್ತ ಬಂದಂತೆ ಆ ಕಡಿವಾಣ ಸಡಿಲವಾಗುತ್ತದೆ, ಅದಕ್ಕೆ ಕೆಲವು ದಿನಗಳೇ ಬೇಕು. ಮ್ಯಾರಥಾನ್ ಓಡುವವರಿಗೂ ಇದರಲ್ಲಿ ವಿನಾಯಿತಿಯಿಲ್ಲ. ಗಟ್ಟಿಮುಟ್ಟಾದ ಯುವಕರು ವೇಗವಾಗಿ ಮೇಲೇರಿ ಇನ್ನೂ ಬೇಗ ತೊಂದರೆಗೆ ಸಿಲುಕುವುದುಂಟು. ನಿದ್ದೆಯಲ್ಲಿ ಉಸಿರಾಟ ಮತ್ತಷ್ಟು ತಗ್ಗುವುದರಿಂದ, ಹಗಲು ಎಲ್ಲಿಯವರೆಗೆ ಹತ್ತಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. 3,000 ಮೀಟರಿನ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಮೇಲೇರದೆ ಅಲ್ಲಿಯೇ ಇನ್ನೊಂದು ರಾತ್ರಿ ತಂಗಬೇಕು.

ಕೊಡಗಿನಲ್ಲಿ ಇದನ್ನು ಹೇಳಲು ವೈದ್ಯರೇ ಬೇಕೆಂದಿಲ್ಲ. ಲಡಾಖಿನಲ್ಲಿ ಸೇವೆ ಸಲ್ಲಿಸಿ ಬಂದ ಹಿರಿಯರು ಇಲ್ಲಿನ ಎಷ್ಟೋ ಮನೆಗಳಲ್ಲಿದ್ದಾರೆ. 1962ರ ಯುದ್ಧದ ಕಾಲದಲ್ಲಿ ಬಯಲುಸೀಮೆಯಿಂದ ಏಕಾಏಕಿ ಎತ್ತರಕ್ಕೆ ಹೋದ ಅನೇಕ ಸೈನಿಕರು ಅಸ್ವಸ್ಥರಾಗಿದ್ದರು. ಇಂಥ 1,925 ಸೈನಿಕರ ಕುರಿತು ನಮ್ಮ ವೈದ್ಯರು 1969ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂದಿಗೂ ಉಲ್ಲೇಖಿಸುತ್ತಾರೆ. 9,000ದಿಂದ 12,000 ಅಡಿಯ ಎತ್ತರಕ್ಕೆ ಹೋಗುವ ಯೋಧರಿಗೆ ಒಗ್ಗಿಕೊಳ್ಳಲೆಂದು ಸೇನೆ ಆರು ದಿನಗಳ ಅವಧಿ ನೀಡುತ್ತದೆ, ಅದರಲ್ಲಿ ಮೊದಲೆರಡು ದಿನ ವಿಶ್ರಾಂತಿ. ಸೋದರಳಿಯನನ್ನು ಕರೆತಂದಿದ್ದ ನಿವೃತ್ತ ಸುಬೇದಾರರೊಬ್ಬರು ಆ ಹುಡುಗನ ಪ್ರವಾಸಪಟ್ಟಿಯನ್ನು ನನ್ನ ಮೇಜಿನ ಮೇಲೆ ಹರಡಿ, ವಿಮಾನದಲ್ಲಿ ಲೇಹ್ ತಲುಪಿದ ಮರುದಿನವೇ ನಡಿಗೆ ಆರಂಭ ಎಂದಿದ್ದ ಸಾಲಿನ ಮೇಲೆ ಬೆರಳೂರಿ, “ಡಾಕ್ಟ್ರೇ, ಪಹರೆ ಕಾಯಲು ಹೋದ ನಮ್ಮನ್ನೇ ಎರಡು ದಿನ ಸುಮ್ಮನೆ ಕೂರಿಸುತ್ತಿದ್ದರು, ಇವನಿಗೇನು ಅವಸರ?” ಎಂದು ಕೇಳಿದರು. ಲೇಹ್ ಇರುವುದು ಸುಮಾರು 3,500 ಮೀಟರಿನಲ್ಲಿ. ಹುಡುಗ ಮುಖ ಸಣ್ಣದು ಮಾಡಿಕೊಂಡನಾದರೂ ಟಿಕೆಟು ಬದಲಿಸಿದ.

ಎತ್ತರವನ್ನು ತಾಕತ್ತಿನ ಪರೀಕ್ಷೆಯೆಂದು ಭಾವಿಸಿದವರು ತಲೆನೋವನ್ನು ಅವಮಾನವೆಂದು ತಿಳಿದು ಮಾರ್ಗದರ್ಶಿಯಿಂದ ಮುಚ್ಚಿಡುತ್ತಾರೆ. ನನಗೆ ಹೆಚ್ಚು ಭಯವಿರುವುದು ಇದರ ಬಗ್ಗೆಯೇ. ಎತ್ತರದಲ್ಲಿ ತಲೆನೋವಿನ ಜೊತೆಗೆ ವಾಕರಿಕೆ, ತಲೆಸುತ್ತು ಅಥವಾ ವಿಪರೀತ ಸುಸ್ತು ಕಂಡರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಎತ್ತರದ ಕಾಯಿಲೆಯೆಂದೇ ಪರಿಗಣಿಸಿ, ಕಡಿಮೆಯಾಗುವವರೆಗೆ ಒಂದು ಹೆಜ್ಜೆಯೂ ಮೇಲೇರಬೇಡಿ. ಕುಳಿತಲ್ಲಿಯೇ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನೇರ ಗೆರೆಯ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ ನಡೆಯಲಾಗದೆ ತೂರಾಡಿದರೆ ಮಿದುಳು ಊದಿಕೊಂಡಿರಬಹುದು. ಆಗ ರಾತ್ರಿಯಾದರೂ ಸರಿ, ಜೊತೆಗೊಬ್ಬರನ್ನು ಕಳುಹಿಸಿ ಕೆಳಗಿಳಿಸಬೇಕು. ಆಮ್ಲಜನಕವಿದ್ದರೆ ಕೊಡಬೇಕು, ಆದರೆ ಅದನ್ನು ನಂಬಿ ಇಳಿಯುವುದನ್ನು ತಡಮಾಡಬಾರದು. ಚಳಿಗೆಂದು ಬಾಟಲಿ ಒಯ್ಯುವ ರೂಢಿ ನಮ್ಮವರಲ್ಲಿದೆ, ದಯವಿಟ್ಟು ಬೇಡ. ಮದ್ಯವೂ ನಿದ್ದೆಮಾತ್ರೆಯೂ ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಕೆಲವರಿಗೆ ಉಪಯುಕ್ತವೇ, ಆದರೆ ಎಲ್ಲರಿಗೂ ಹೊಂದುವುದಿಲ್ಲ. ಸ್ನೇಹಿತರ ಚೀಟಿ ನೋಡಿ ಕೊಳ್ಳದೆ ನಿಮ್ಮ ವೈದ್ಯರನ್ನು ಕೇಳಿ.

ನಾನು ಸಹಿ ಹಾಕುವ ಪತ್ರ ಇಂದು ಮಡಿಕೇರಿಯಲ್ಲಿ ನಿಮ್ಮ ಹೃದಯ, ಶ್ವಾಸಕೋಶ, ರಕ್ತದೊತ್ತಡ ಹೇಗಿವೆ ಎಂಬುದನ್ನಷ್ಟೇ ಹೇಳಬಲ್ಲದು. ಆದ್ದರಿಂದ ಬರುವಾಗ ಹಳೆಯ ವರದಿಗಳ ಜೊತೆಗೆ, ಪ್ರತಿ ರಾತ್ರಿ ತಂಗುವ ಶಿಬಿರದ ಎತ್ತರವನ್ನು ಬರೆದ ಪಟ್ಟಿಯನ್ನೂ ತನ್ನಿ. ಚಾರಣ ಏರ್ಪಡಿಸಿದವರು ಅದನ್ನು ಕೊಡಲು ಹಿಂದೇಟು ಹಾಕಿದರೆ, ಹಣ ಕಟ್ಟುವ ಮೊದಲೇ ಬೇರೆಯವರನ್ನು ಹುಡುಕಿಕೊಳ್ಳಿ.