ಶಾಲೆಗೆ ಬಂತು ಡಿಸೈನ್, ಮೇಷ್ಟ್ರ ತಯಾರಿ ಎಲ್ಲಿಗೆ ಬಂತು?

ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಎಂಜಿನಿಯರಿಂಗ್ ಡಿಸೈನ್, ಅಂದರೆ ಯಾರದೋ ಅಗತ್ಯಕ್ಕೆ ತಕ್ಕ ವಸ್ತುವನ್ನು ಯೋಚಿಸಿ, ಮಾಡಿ, ತಿದ್ದುವ ಕೆಲಸ, ಈಗ ವಿಜ್ಞಾನ ಪಾಠದ ಭಾಗ. ಆದರೆ ಕಲಿಸುವವರಲ್ಲಿ ಹೆಚ್ಚಿನವರು ಎಂಜಿನಿಯರಿಂಗ್ ಓದಿದವರಲ್ಲ.

1957ರಲ್ಲಿ ಸೋವಿಯತ್ ಒಕ್ಕೂಟದ ಉಪಗ್ರಹ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದಲ್ಲಿ ಗಣಿತ, ವಿಜ್ಞಾನದ ಪಾಠಕ್ಕೆ ಹಣ ಹರಿಯಿತು. ಎಂಜಿನಿಯರಿಂಗ್ ಮಾತ್ರ ದಶಕಗಟ್ಟಲೆ ಕಾಲೇಜಿನಲ್ಲೇ ಉಳಿಯಿತು. 2013ರಲ್ಲಿ ಬಂದ ಹೊಸ ವಿಜ್ಞಾನ ಮಾನದಂಡಗಳು ಡಿಸೈನ್‌ಗೂ ಪ್ರಯೋಗದಷ್ಟೇ ಜಾಗ ಕೊಟ್ಟವು. ಅದನ್ನು ಹೇಗೆ ಕಲಿಸಬೇಕು ಅನ್ನೋದು ಶಿಕ್ಷಕರ ಪಾಲಿಗೆ ಬಂತು.

ಇದಕ್ಕೊಂದು ಉತ್ತರ ಅಲ್ಲಿನ ಇಂಡಿಯಾನಾ ರಾಜ್ಯದಲ್ಲಿ ಮೊದಲೇ ಹುಟ್ಟಿತ್ತು. 1995ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಎಡ್ವರ್ಡ್ ಕಾಯ್ಲ್ ಮತ್ತು ಲೀಯಾ ಜೇಮಿಸನ್ ‘ಎಪಿಕ್ಸ್’ ಎಂಬ ಕಾರ್ಯಕ್ರಮ ಶುರು ಮಾಡಿದರು. ಊರಿನ ಸೇವಾಸಂಸ್ಥೆಗಳಿಗೆ ಬೇಕಾದದ್ದನ್ನು ವಿದ್ಯಾರ್ಥಿಗಳು ತಂಡವಾಗಿ ಮಾಡಿಕೊಡುವುದು, ಅದಕ್ಕೇ ಅಂಕ ಪಡೆಯುವುದು. ಮುಂದೆ ಇದು ಹೈಸ್ಕೂಲಿಗೂ ಇಳಿಯಿತು. ಆಗ ಶಿಕ್ಷಕರ ಕಾರ್ಯಾಗಾರಗಳು ಬಂದವು.

ವಿಜ್ಞಾನದ ಮೇಷ್ಟ್ರಿಗೆ ಡಿಸೈನ್ ಕಲಿಸುವಾಗ ಕಷ್ಟವಾಗುವುದು ಲೆಕ್ಕವಲ್ಲ. ಲ್ಯಾಬಿನಲ್ಲಿ ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತದೆ. ಇಲ್ಲಿ ಹಾಗಲ್ಲ. ಬೆರಳು ಮಡಚಲಾಗದ ಮಗುವಿಗೆ ಆಟಿಕೆ ಬೇಕು ಅಂದುಕೊಳ್ಳಿ. ಸ್ವಿಚ್ ಎಷ್ಟು ದೊಡ್ಡದಿರಬೇಕು, ಎಷ್ಟು ಮೆಲ್ಲಗೆ ಒತ್ತಿದರೆ ಸಾಕು, ಗಾಲಿಕುರ್ಚಿಯ ಯಾವ ಕಡೆ ಕೂರಿಸಬೇಕು? ಇದನ್ನು ಹೇಳಬೇಕಾದವರು ಆ ಮಗು, ಅದರ ಮನೆಯವರು, ಚಿಕಿತ್ಸಕರು. ಕೇಳಿ, ಬರೆದು, ಮಾದರಿ ಮಾಡಿ, ಮಗುವಿನ ಕೈಗೆ ಕೊಟ್ಟು ನೋಡಿ, ಮತ್ತೆ ತಿದ್ದಬೇಕು. ಯಾಕೆ ತಿದ್ದಿದೆವು ಅನ್ನೋದಕ್ಕೂ ಅಂಕ ಕೊಡಬೇಕು. ಶಿಕ್ಷಕರು ಒಮ್ಮೆಯಾದರೂ ಸ್ವತಃ ಇದನ್ನು ಮಾಡದೆ ಮಕ್ಕಳಿಂದ ಮಾಡಿಸುವುದು ಕಷ್ಟ. ಬರೀ ಉಪನ್ಯಾಸ ಕೇಳಿಸಿ ಕಳಿಸಿದರೆ ಸಾಲದು.

ಉಪಕರಣಕ್ಕೆ ಹಣ ಸಿಗುತ್ತದೆ, ಶಿಕ್ಷಕರಿಗೆ ಬಿಡುವು ಸಿಗುವುದಿಲ್ಲ. ನಮ್ಮಲ್ಲೂ ಮಕ್ಕಳು ಕೈಯಾರೆ ವಸ್ತು ಮಾಡಿ ನೋಡಲೆಂದು ಶಾಲೆಗಳಿಗೆ 2016ರಿಂದ ಬಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿಗೆ ಕೇಂದ್ರ ಸರ್ಕಾರದಿಂದ ತಲಾ 20 ಲಕ್ಷ ರೂಪಾಯಿವರೆಗೆ ನೆರವಿದೆ. ತ್ರೀಡಿ ಪ್ರಿಂಟರ್ ಕೊಳ್ಳಬಹುದು. ಆದರೆ ಪಾಠದ ಹೊರೆ ಇಳಿಸದೆ ಮೇಷ್ಟ್ರು ಮಕ್ಕಳನ್ನು ಅಂಗನವಾಡಿಗೋ ವೃದ್ಧಾಶ್ರಮಕ್ಕೋ ಕರೆದುಕೊಂಡು ಹೋಗುವುದು ಯಾವಾಗ?

ಇನ್ನೊಂದು ತೊಡಕು ಕ್ಯಾಲೆಂಡರಿನದು. ಪರ್ಡ್ಯೂನಲ್ಲಿ ಒಂದೇ ಯೋಜನೆ ವರ್ಷಗಟ್ಟಲೆ ನಡೆಯಬಹುದು. ಹಳಬರು ಹೊಸಬರಿಗೆ ಕೆಲಸ ದಾಟಿಸುತ್ತಾರೆ. ಶಾಲೆಯಲ್ಲಿ ಪರೀಕ್ಷೆ ಮುಗಿದರೆ ತಂಡವೇ ಚದುರುತ್ತದೆ. ಕೊಟ್ಟ ಆಟಿಕೆ ರಜೆಯಲ್ಲಿ ಕೆಟ್ಟರೆ ರಿಪೇರಿ ಯಾರದು? ಕೊಡುವ ಮೊದಲೇ ಇದನ್ನು ಸಂಸ್ಥೆಯವರ ಜೊತೆ ಮಾತಾಡಿ ಬರೆದಿಟ್ಟುಕೊಳ್ಳುವುದನ್ನೂ ಶಿಕ್ಷಕರ ತರಬೇತಿಯಲ್ಲೇ ಕಲಿಸಬೇಕು.