ಬಿಚ್ಚಲು ಬರುವ ಗಂಟು

ಪುಣೆಯ ಕನ್ನಡಿಗರಾದ ನಮಗೆ ಜೇಜುರಿಯ ಖಂಡೋಬಾ ಅಂದರೆ ಮೈಲಾರಲಿಂಗನೇ. ಈ ಸಲ ಮೆಟ್ಟಿಲು ಹತ್ತುವಾಗ ಕಾಲಿಗೆ ತೊಡರಿದ್ದು ಭಂಡಾರದ ಖಾಲಿ ಕವರುಗಳು. ಒಳಗೆಲ್ಲ ಅರಿಶಿನ ಮೆತ್ತಿದ, ಊದಿದರೆ ಹಾರುವಷ್ಟು ತೆಳು ಹಾಳೆ. ಗುಜರಿಯವರು ಇದನ್ನು ಮುಟ್ಟುವುದಿಲ್ಲ; ತೊಳೆಯುವ ಖರ್ಚೂ ಗಿಟ್ಟುವುದಿಲ್ಲ.

ಅದೇ ಜೇಜುರಿಯಲ್ಲಿ 2024ರಲ್ಲಿ ಪುಣೆಯ ಪ್ರಾಜ್ ಇಂಡಸ್ಟ್ರೀಸ್ ಸಸ್ಯಮೂಲದ ಪ್ಲಾಸ್ಟಿಕ್ ಮಾಡಿ ತೋರಿಸುವ ಘಟಕವನ್ನು ತೆರೆಯಿತು. ಅಲ್ಲಿನ ವಸ್ತು ಪಾಲಿಲ್ಯಾಕ್ಟಿಕ್ ಆಸಿಡ್, ಅಂದರೆ ಪಿಎಲ್‌ಎ. ಸಕ್ಕರೆಯನ್ನು ಬ್ಯಾಕ್ಟೀರಿಯಾ ಹುಳಿ ಬರಿಸಿದಾಗ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ಮೊಸರು ಹುಳಿಯಾಗುವುದೂ ಅದರಿಂದಲೇ. ಆ ಅಣುಗಳನ್ನು ಸರದಂತೆ ಪೋಣಿಸಿದರೆ ಪಿಎಲ್‌ಎ.

ಆದರೆ ಗಿಡದಿಂದ ಬಂದದ್ದು ಎಂಬ ಒಂದೇ ಮಾತಿಗೆ ಮರುಳಾಗಬಾರದು. ಕಬ್ಬಿನ ಎಥನಾಲ್‌ನಿಂದ ಪಾಲಿಥೀನನ್ನೂ ಮಾಡುತ್ತಾರೆ. ಅದರ ಸರಪಳಿ ಉದ್ದಕ್ಕೂ ಇಂಗಾಲಕ್ಕೆ ಇಂಗಾಲ ಕಚ್ಚಿಕೊಂಡಿರುತ್ತದೆ, ತುದಿಯೇ ಸಿಗದ ಗಂಟಿನ ಹಾಗೆ. ಮಣ್ಣಿಗೆ ಬಿದ್ದರೆ ಪೆಟ್ರೋಲಿಯಂ ಪಾಲಿಥೀನಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಪಿಎಲ್‌ಎಯಲ್ಲಿರುವುದು ಎಸ್ಟರ್ ಬಂಧ. ಇದು ಜಾರುಗಂಟು. ಸರಿಯಾದ ವೇಗವರ್ಧಕ ಬೆರೆಸಿ ಕಾಯಿಸಿದರೆ ಸರ ಬಿಚ್ಚಿ ಮೂಲ ಅಣು ಕೈಗೆ ಬರುತ್ತದೆ. ಮತ್ತೆ ಪೋಣಿಸಿದರೆ ಹೊಸದರಷ್ಟೇ ಗಟ್ಟಿ. ನನ್ನ ಲೆಕ್ಕದಲ್ಲಿ ನೋಡಬೇಕಾದದ್ದು ಇದನ್ನೇ.

ಬಿಚ್ಚುವ ಗಂಟು ಕೆಲಸದ ನಡುವೆ ಸಡಿಲವಾಗಬಾರದಲ್ಲ? ಒಮ್ಮೆ ಪಿಎಲ್‌ಎ ಲೋಟಕ್ಕೆ ಬಿಸಿ ಚಹಾ ಸುರಿದೆ. ಅಂಚು ಒಳಕ್ಕೆ ಬಾಗಿ, ಬೆರಳು ಒತ್ತಿದಲ್ಲಿ ಗುಳಿ ಬಿತ್ತು. ಸಾದಾ ಪಿಎಲ್‌ಎ 60 ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತದೆ. ಇದಕ್ಕೊಂದು ಸೊಗಸಾದ ದಾರಿಯಿದೆ. ಲ್ಯಾಕ್ಟಿಕ್ ಆಮ್ಲಕ್ಕೆ ಎಡಗೈ, ಬಲಗೈಗಳಂತೆ ಎರಡು ರೂಪ. ಎಡದ ಸರವನ್ನೂ ಬಲದ ಸರವನ್ನೂ ಬೆರೆಸಿದರೆ ಕೈ ಜೋಡಿಸಿದ ಹಾಗೆ ಒಂದಕ್ಕೊಂದು ಒತ್ತಾಗಿ ಕೂರುತ್ತವೆ. ಆಗ ಕರಗುವ ಬಿಂದು ಸುಮಾರು 175ರಿಂದ 230 ಡಿಗ್ರಿಗೆ ಏರುತ್ತದೆ. 1987ರಲ್ಲಿ ಜಪಾನಿನ ಸಂಶೋಧಕರು ಇದನ್ನು ಕಂಡುಕೊಂಡರು.

ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ಸ್ಟೆಫಾನ್ ಮೆಕಿಂಗ್ ತಂಡ 2021ರಲ್ಲಿ ಪ್ರಕಟಿಸಿದ ಉಪಾಯ ನನಗೆ ಇನ್ನೂ ಇಷ್ಟ. ಸಸ್ಯದ ಎಣ್ಣೆಯಿಂದ 18 ಇಂಗಾಲಗಳ ತುಂಡುಗಳನ್ನು ಮಾಡಿ, ಅವುಗಳ ನಡುವೆ ಮಾತ್ರ ಜಾರುಗಂಟು ಹಾಕಿದರು. ಬಳಸುವಾಗ ಅದು ಪಾಲಿಥೀನಿನಂತೆಯೇ ಗಟ್ಟಿ. ಆಲ್ಕೊಹಾಲಿನಲ್ಲಿ ಕಾಯಿಸಿದರೆ ಶೇ. 96ಕ್ಕೂ ಹೆಚ್ಚು ಮೂಲವಸ್ತು ವಾಪಸ್.

ಆದರೆ ಬಿಚ್ಚುವವರ ಕೈಗೆ ಇಂಥ ಪ್ಲಾಸ್ಟಿಕ್ ಬೇರೆಯಾಗಿ ತಲುಪಬೇಕು. ಪಿಎಲ್‌ಎ ನೋಡಲು ನೀರಿನ ಬಾಟಲಿಯ ಪಿಇಟಿಯಂತೆಯೇ ಇರುತ್ತದೆ. ಪಿಇಟಿ ಕರಗುವ 250 ಡಿಗ್ರಿಯ ಆಸುಪಾಸಿನಲ್ಲಿ ಪಿಎಲ್‌ಎ ಕೆಟ್ಟು, ತಾನು ಸೇರಿದ ಮಾಲನ್ನೂ ಕೆಡಿಸುತ್ತದೆ. ನಮ್ಮ ಓಣಿಯ ಕಸ ವಿಂಗಡಿಸುವ ಅಕ್ಕ ಕಲಬುರಗಿ ಕಡೆಯವರು, ಹಿಚುಕಿದ ಸದ್ದಿನಲ್ಲೇ ಪ್ಲಾಸ್ಟಿಕ್ ಯಾವುದೆಂದು ಹೇಳಬಲ್ಲವರು. ಅವರಿಗೊಂದು ಪಿಎಲ್‌ಎ ಲೋಟ ಕೊಟ್ಟೆ. ಹಿಚುಕಿದರು, ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಹಿಚುಕಿದರು. ‘ಇದು ಬಾಟ್ಲಿ ಮಾಲೇ ಅದ ರೀ’ ಎಂದು ಪಿಇಟಿಯ ಚೀಲಕ್ಕೆ ಹಾಕಿದರು.