ಬೇಕರಿ ಬೋರ್ಡು ಓದಿಸುವುದು ಹೇಗೆ? ಆರಂಭಿಕ ಓದಿನ ಬಗ್ಗೆ ಟಿಪ್ಪಣಿ

ಮೂರು ವರ್ಷದ ಮಗು ನೀಲಿ ಹಾಲಿನ ಪ್ಯಾಕೆಟ್ ನೋಡಿ "ನಂದಿನಿ" ಅನ್ನುತ್ತದೆ. ಮಗು ಆಗಲೇ ಓದೋಕೆ ಶುರು ಮಾಡಿತು ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ಖುಷಿಪಡಬೇಕಾದ ವಿಷಯವೇ. ಆದರೆ ಮಗು ಗುರುತು ಹಿಡಿದದ್ದು ಪ್ಯಾಕೆಟ್ಟನ್ನು, ಅದರ ಮೇಲಿನ ಅಕ್ಷರಗಳನ್ನಲ್ಲ. ಈ ಪಾಠದಲ್ಲಿ ನಾವು ಮೊದಲು ತಿಳಿದುಕೊಳ್ಳಬೇಕಾದ್ದು ಈ ವ್ಯತ್ಯಾಸ.

ಇದಕ್ಕೆ ಒಳ್ಳೆಯ ಆಧಾರ 1984ರಲ್ಲಿ ಮೇಸನ್‌ಹೈಮರ್, ಡ್ರಮ್, ಎಹ್ರಿ ಎಂಬ ಮೂವರು ಪ್ರಕಟಿಸಿದ ಅಧ್ಯಯನ. ಲೋಗೊಗಳನ್ನು ಚೆನ್ನಾಗಿ ಗುರುತಿಸುತ್ತಿದ್ದ ಪುಟ್ಟ ಮಕ್ಕಳಿಗೆ ಅವರು ಪೆಪ್ಸಿಯ ಲೋಗೊ ತೋರಿಸಿದರು. ಆದರೆ ಅದರ ಮೊದಲ ಅಕ್ಷರವನ್ನೇ ಬದಲಿಸಿದ್ದರು. ಹೆಚ್ಚಿನ ಮಕ್ಕಳು ಆಗಲೂ "ಪೆಪ್ಸಿ" ಅಂದರು. ಬಣ್ಣ, ಆಕಾರ ಹಾಗೇ ಇದ್ದರೆ ಅವರಿಗೆ ಸಾಕು, ಅಕ್ಷರದ ಕಡೆ ಕಣ್ಣು ಹೋಗುವುದೇ ಇಲ್ಲ.

ಹಾಗಾದರೆ ಬೋರ್ಡು, ಲೇಬಲ್ ಎಲ್ಲ ಸುಮ್ನೆ ದಂಡವಾ? ಖಂಡಿತ ಅಲ್ಲ. ಬರೆದದ್ದಕ್ಕೆ ಅರ್ಥವಿದೆ, ಅದು ಯಾವಾಗ ನೋಡಿದರೂ ಒಂದೇ ಮಾತು ಹೇಳುತ್ತದೆ ಎಂಬುದು ಮಗುವಿಗೆ ಗೊತ್ತಾಗುವುದೇ ಇವುಗಳಿಂದ. ಮುಂದಿನ ಹೆಜ್ಜೆಗೆ ಮಾತ್ರ ದೊಡ್ಡವರು ಬೇಕು. ಯಾರಾದರೂ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಬೇಕು.

ಬೆಂಗಳೂರಿನ ಬೀದಿಯಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಪದ "ಬೇಕರಿ". ಬೋರ್ಡಿನ ಮುಂದೆ ನಿಂತು, ಚಪ್ಪಾಳೆ ತಟ್ಟುತ್ತಾ ಹೇಳಿಸಿ: ಬೇ, ಕ, ರಿ. ಮೂರು ಚಪ್ಪಾಳೆ, ಬೋರ್ಡಿನಲ್ಲೂ ಮೂರೇ ಅಕ್ಷರ. ಕನ್ನಡದಲ್ಲಿ ನಮಗಿರುವ ದೊಡ್ಡ ಅನುಕೂಲ ಇದು. ಬಾಯಲ್ಲಿ ಒಡೆದದ್ದು ಕಣ್ಣಿಗೂ ಹಾಗೇ ಕಾಣುತ್ತದೆ. ಆಮೇಲೆ ಸ್ವಲ್ಪ ಮುಂದೆ ಹೋದರೆ ಗೋಡೆಯ ಮೇಲೆ "ಇಲ್ಲಿ ಕಸ ಹಾಕಬೇಡಿ" ಅಂತ ಇರುತ್ತದೆ, ಅಲ್ವಾ? "ಬೇಕರಿಯ ಬೇ ಇಲ್ಲಿ ಎಲ್ಲಿದೆ, ಹುಡುಕು ಪುಟ್ಟಾ" ಅನ್ನಿ. ಬೇ ಸಿಕ್ಕಿದರೆ, ಕ ಎರಡು ಕಡೆ ಸಿಗುತ್ತದೆ: ಒಂದು ಕಸದಲ್ಲಿ, ಇನ್ನೊಂದು ಹಾಕಬೇಡಿಯಲ್ಲಿ. ಒಂದು ಬೋರ್ಡಿನ ಅಕ್ಷರ ಬೇರೆ ಬಣ್ಣದಲ್ಲಿ, ಬೇರೆ ಗಾತ್ರದಲ್ಲಿ, ಬೇರೆ ಪದದಲ್ಲಿ ಕಂಡರೂ ಮಗು ಗುರುತಿಸಿತು ಅಂದರೆ ಓದು ಶುರುವಾಯಿತು ಅಂತ ಧೈರ್ಯವಾಗಿ ಹೇಳಬಹುದು. ಮನೆಗೆ ಬಂದು ಸ್ಲೇಟಿನಲ್ಲಿ ಅದೇ ಪದ ಬರೆದು ನೋಡಿ. ನಂತರ ಕೊನೆಯ ರಿ ಹಾಗೇ ಇಟ್ಟು ಕರಿ, ಮರಿ, ಸರಿ ಮಾಡಿಸಿ.

ಎಲ್ಲ ಬೋರ್ಡೂ ಇಷ್ಟು ಸಲೀಸಲ್ಲ. "ಮೆಡಿಕಲ್ಸ್" ತಗೊಳ್ಳಿ. ಚಪ್ಪಾಳೆ ಮೂರು, ಬರಹದಲ್ಲಿ ನಾಲ್ಕು ತುಂಡು, ಕೊನೆಯದಕ್ಕೆ ಒತ್ತು ಬೇರೆ. "ಸ್ಟೋರ್ಸ್" ಇನ್ನೂ ಕಷ್ಟ. ಇವನ್ನು ಶುರುವಿನಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ದರ್ಶಿನಿಯ ದರಪಟ್ಟಿಯಲ್ಲಿ ದೋಸೆ, ವಡೆ, ಕಾಫಿ ಮೊದಲು, ಇಡ್ಲಿ ಆಮೇಲೆ. ಇಡ್ಲಿಯಲ್ಲಿ ಗುಡಿಸು, ಅಂದರೆ ಇ ಸ್ವರದ ಚಿಹ್ನೆ, ಕಾಣುವುದು ಮೇಲಿನ ಡ ಮೇಲೆ, ಅದರ ಉಚ್ಚಾರ ಬರುವುದು ಕೆಳಗಿನ ಲ ಆದ ಮೇಲೆ. ಹೊಸದಾಗಿ ಕಲಿಯುವ ಮಗು "ಇಡಿಲ" ಅಂತ ಓದಿದರೆ ಅದು ದಡ್ಡತನ ಅಲ್ಲ. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದೆ, ಅಷ್ಟೇ. ಬೈಯದೆ ಒತ್ತಕ್ಷರ ತೋರಿಸಿಕೊಡಿ.

ಇಲ್ಲಿ ಆತುರ ಬೇಡ. ವ್ಯಂಜನ, ಕಾಗುಣಿತ ಸೇರಿದರೇ 400ಕ್ಕಿಂತ ಜಾಸ್ತಿ ರೂಪಗಳಾಗುತ್ತವೆ, ಒತ್ತಕ್ಷರ ಅದರ ಮೇಲೆ. ಕನ್ನಡ ಓದುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಇಂಗ್ಲಿಷ್ ಅಕ್ಷರಮಾಲೆಗೆ ಹೋಲಿಸಿದರೆ ನಮ್ಮ ಅಕ್ಷರಗಳು ಪೂರ್ತಿ ಕೈಗೆ ಬರಲು ಹೆಚ್ಚು ವರ್ಷ ಬೇಕು.

ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ನಿಯಮ 2024ರಲ್ಲಿ ಬಂದ ಮೇಲೆ ನಗರದಲ್ಲಿ ನಮಗೆ ಪಾಠದ ಸಾಮಗ್ರಿಗೆ ಕೊರತೆಯಿಲ್ಲ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಮಕ್ಕಳು ನಮ್ಮ ತರಗತಿಗಳಲ್ಲಿ ತುಂಬಾ ಇದ್ದಾರೆ. ಅವರಿಗೆ ಪಠ್ಯಪುಸ್ತಕದ "ಗರಗಸ" ಹೊಸ ಪದ ಆಗಿರಬಹುದು, "ಬೇಕರಿ" ಮಾತ್ರ ಎಲ್ಲರಿಗೂ ಗೊತ್ತು. ಅದಕ್ಕೇ ಪಾಠಯೋಜನೆ ಬರೆಯುವ ಮುಂಚೆ ಶಾಲೆಯ ಸುತ್ತ ಒಂದು ಸಲ ನಡೆದು, ಒತ್ತಕ್ಷರ ಇಲ್ಲದ ಎರಡು ಮೂರು ಅಕ್ಷರದ ಪದಗಳನ್ನು ಬರೆದುಕೊಂಡು ಬನ್ನಿ. ಮೊದಲ ವಾರಕ್ಕೆ ಅಷ್ಟು ಸಾಕು.